ಗಾಳಿಕಿಂಡಿಗೆ ತುರುಕಿದ ಶಾಲು

ಹಾಲೆಂಡಿನ ಹಾರ್ಲೆಮ್‌ನಲ್ಲಿ ನಾನು ಬರೀ ಗೋಡೆ ಕುಟ್ಟಿ ಒಬ್ಬ ರೋಗಿಯನ್ನು ನಗಿಸುತ್ತಿದ್ದೆ. ಬೇಕಾದರೆ ನಂಬಬೇಡಿ, ನೋಡೋಣ! ಇಡೀ ಬೀದಿಗೆ ನನ್ನಷ್ಟು ಕಿತಾಪತಿಯ ಮುದುಕ ಇನ್ನೊಬ್ಬನಿರಲಿಲ್ಲ. ಪಕ್ಕದ ಮನೆಯ ಗೆಳೆಯ, ಶಿವಾಜಿನಗರದ ಸಾಹೇಬ, ನನಗೆ ಎರಡನೆಯವನು.

ಕೊರೊನಾ ಚಳಿಗಾಲದಲ್ಲಿ ಅವನಿಗೆ ಕೆಮ್ಮು ಶುರುವಾಯಿತು. ಮನೆಯವರಿಗೆ ಅಂಟದಿರಲೆಂದು ಅಟ್ಟ ಹತ್ತಿ ಒಬ್ಬನೇ ಉಳಿದ. ಮನೆ ಬೆಚ್ಚಗಿಡುವ ಹಳೆಯ ಗ್ಯಾಸ್ ಬಾಯ್ಲರ್ ಇದ್ದದ್ದೂ ಅಲ್ಲೇ. ಅದಕ್ಕೆ ಗಾಳಿ ಬರಲು ಹೊರಗೋಡೆಯಲ್ಲೊಂದು ಕಿಂಡಿ. ನಮ್ಮಿಬ್ಬರ ಅಟ್ಟಗಳ ನಡುವೆ ಒಂದೇ ಗೋಡೆ. ನಾನು ಕುಟ್ಟಿದರೆ ಅವನೂ ಕುಟ್ಟುತ್ತಿದ್ದ. ಆಮೇಲೆ ಫೋನು.

“ಏನ್ಲೇ, ಬಾಯ್ಲರ್ ಪಕ್ಕ ಮಲಗಿ ನವಾಬ ಆಗ್ಬಿಟ್ಯಾ?”

“ಎಲ್ಲಿ ನವಾಬ ಯಾರ್! ಆ ಕಿಂಡಿಯಿಂದ ಐಸ್ ಥರ ಗಾಳಿ. ಜೊತೆಗೆ ನಿಮ್ಮನೆ ಬಾಯ್ಲರ್ ಪೈಪಿನ ಹೊಗೆ ಬೇರೆ. ಶಾಲು ತುರುಕಿ ಮುಚ್ಬಿಟ್ಟೆ.”

“ತಲೆನೋವು?”

“ಜಾಸ್ತಿನೇ ಆಗಿದೆ. ಕೊರೊನಾ ಅಲ್ವಾ, ಇರುತ್ತೆ ಬಿಡು.”

ನಾನೂ ಹಾಗೇ ಅಂದುಕೊಂಡೆ. ಅವನ ಸೊಸೆ ಗಂಜಿಯನ್ನು ಮೆಟ್ಟಿಲ ಮೇಲಿಟ್ಟು ಕೆಳಗಿಳಿಯುತ್ತಿದ್ದಳು.

ಮರುದಿನ ಮಧ್ಯಾಹ್ನ ಕುಟ್ಟಿದೆ. ಅತ್ತಲಿಂದ ಮೆಲ್ಲನೆ ಒಂದೇ ಕುಟ್ಟು ಬಂತು. “ಸೋಂಬೇರಿ!” ಎಂದು ಬೈದು, ನಗುತ್ತಾ ಕೆಳಗಿಳಿದೆ.

ಸಂಜೆ ಸೊಸೆ ಕರೆಸಿದ ಅಗ್ನಿಶಾಮಕದವರು ಬಂದು ಮೊದಲು ಆ ಶಾಲನ್ನು ಎಳೆದು ತೆಗೆದರು, ಆಮೇಲೆ ಅವನನ್ನು ಕೆಳಗಿಳಿಸಿದರು. ಜೀವ ತೆಗೆದದ್ದು ಕೊರೊನಾ ಅಲ್ಲ, ಗಾಳಿ ಸಿಗದೆ ಉರಿದ ಬಾಯ್ಲರಿನ ವಿಷಾನಿಲ ಎಂದರು. ಮಣ್ಣಿಗೆ ಹೋಗಲು ಮನೆಯವರಿಗಷ್ಟೇ ಅನುಮತಿ. ನಾನು ಕಿಟಕಿಯಲ್ಲೇ ನಿಂತಿದ್ದೆ.

ಇಷ್ಟು ಕಥೆಯಲ್ಲಿ ನಾನು ಸುಳ್ಳು ಸೇರಿಸಿದ್ದು ಒಂದೇ ಒಂದು, ಆ ಮೆಲ್ಲನೆಯ ಕುಟ್ಟು. ಆ ಮಧ್ಯಾಹ್ನ ಅತ್ತಲಿಂದ ಕುಟ್ಟು ಬರಲೇ ಇಲ್ಲ. ನನ್ನನ್ನು ಹೆದರಿಸಲು ಸುಮ್ಮನಿದ್ದಾನೆಂದು ನಕ್ಕಿದ್ದೆ.