ಗೋಡೆಯಾಚೆಯ ಹೆಸರುಗಳು

ನಮ್ಮ ದೇವಾಲಯದ ಚರಿತ್ರೆಯಲ್ಲಿ ನಾನು ಸುಳ್ಳು ಬರೆದಿದ್ದೇನೆ. ಬರೆಯುವಾಗ ತಿಳಿದಿರಲಿಲ್ಲ, ತಿಳಿದ ಮೇಲೂ ತಿದ್ದಲಿಲ್ಲ. ಅದನ್ನು ಅಚ್ಚು ಹಾಕಿಸಿ, ವಾರ್ಷಿಕೋತ್ಸವದ ಪೂಜೆ ಮುಗಿದ ಮೇಲೆ ಪೀಠದ ಪಕ್ಕ ನಿಂತು ಗಟ್ಟಿಯಾಗಿ ಓದಿಯೂ ಬಿಟ್ಟೆ. ಇನ್ನಾಸಮ್ಮ, ಅಂದು ನೀವು ಹೆಂಗಸರ ಸಾಲಿನ ಕೊನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಿರಿ. ನೀವು ಬದುಕಿದ್ದಾಗ ಹೇಳಬೇಕಿದ್ದ ಮಾತನ್ನು ಈಗ ಹೇಳುತ್ತಿದ್ದೇನೆ — ನನ್ನ ಮೇಲೆ ನನಗೇ ರೇಗುತ್ತದೆ.

ವೇಮಗಲ್ ದಾರಿಯ ನಮ್ಮೂರ ದೇವಾಲಯಕ್ಕೆ ಎಪ್ಪತ್ತೈದು ತುಂಬಿದ ವರ್ಷ ಅದು. ಕೋಲಾರ, ಮಾಲೂರು, ಮುಳಬಾಗಿಲಿನಿಂದೆಲ್ಲ ಕ್ರೈಸ್ತರು ಬರುವವರಿದ್ದರು. ಆಗಿದ್ದ ಫ್ರಾನ್ಸ್ ದೇಶದ ಪಾದ್ರಿ ಸ್ವಾಮಿಗಳಿಗೆ ಎರಡು ಆಸೆಗಳಿದ್ದವು. ದೇವಾಲಯದ ಚರಿತ್ರೆ ಪುಸ್ತಕವಾಗಬೇಕು, ಸಮಾಧಿ ಭೂಮಿಯ ಮುಳ್ಳುಬೇಲಿ ಕಿತ್ತು ಕಲ್ಲಿನ ಗೋಡೆ ಕಟ್ಟಬೇಕು. ಪುಸ್ತಕ ನನ್ನ ಪಾಲಿಗೆ ಬಂತು. ನಾನು ಶಾಲೆಯ ಮೇಷ್ಟ್ರು, ಜೊತೆಗೆ ಉಪದೇಶಿ. ಮಕ್ಕಳಿಗೆ ಜಪ, ಧರ್ಮಪಾಠ ಹೇಳಿಕೊಡುವವನು. ನನ್ನ ತಾತನೂ ಇಲ್ಲಿಯೇ ಉಪದೇಶಿಯಾಗಿದ್ದರು.

ತಾತನ ಕಥೆಯನ್ನು ನಾನು ಮನೆಯಲ್ಲಿ ಕೇಳುತ್ತಲೇ ಬೆಳೆದಿದ್ದೆ. ಪ್ಲೇಗು ಬಂದು ಅಂದಿನ ಸ್ವಾಮಿಗಳೇ ತೀರಿಕೊಂಡಾಗ ತಾತ ಊರು ಬಿಡದೆ ನಿಂತರಂತೆ, ಸಾಯುವ ಮಕ್ಕಳಿಗೆಲ್ಲ ತಲೆಗೆ ನೀರೆರೆದು, ಹೆಸರಿಟ್ಟು ಜ್ಞಾನಸ್ನಾನ ಕೊಟ್ಟರಂತೆ, ಬೇಲಿಯೊಳಗಿನ ಮಂತ್ರಿಸಿದ ಮಣ್ಣಿನಲ್ಲೇ ಹೂಳಿದರಂತೆ. ಹಾಗೇ ಬರೆದೆ. ಬರೆಯುವಾಗ ಎದೆಯುಬ್ಬಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಆಮೇಲೆ ನೀವು ಬಂದಿರಿ. ಮಧ್ಯಾಹ್ನ ಮಕ್ಕಳು ಉಣ್ಣಲು ಹೋಗಿದ್ದರು, ನಾನು ಹಲಗೆಯ ಮೇಲೆ ಮಗ್ಗಿ ಬರೆಯುತ್ತಿದ್ದೆ. ಊರಿಗೆಲ್ಲ ಬಾಣಂತನ ಮಾಡಿದ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನೀವು ಬಾಗಿಲಲ್ಲೇ ನಿಂತಿರಿ.

“ಮೇಷ್ಟ್ರೇ, ಗೋಡೆಗೆ ಹಗ್ಗ ಹಿಡೀತಾವ್ರೆ. ನನ್ ಮಕ್ಕಳು ಆಚೆ ಉಳ್ಕೊಂತವೆ.”

ಬೇಲಿಯಾಚೆ ಸಣ್ಣ ಸಣ್ಣ ಮಣ್ಣಿನ ಗುಡ್ಡೆಗಳಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಜ್ಞಾನಸ್ನಾನವಿಲ್ಲದೆ ಸತ್ತ ಕೂಸುಗಳನ್ನು ಒಳಗೆ ಹೂಳುವ ಪದ್ಧತಿಯಿಲ್ಲ. ಅವೂ ಅಂಥವೇ ಎಂದು ನಾವು ತಿಳಿದಿದ್ದೆವು.

“ಪ್ಲೇಗು ಬಂದಾಗ ನಿಮ್ ತಾತ ದೇವಾಲ್ಯಕ್ಕೆ ಬೀಗ ಹಾಕ್ಕೊಂಡು ಮಾಲೂರ್ಗೆ ಹೋಗ್ಬಿಟ್ರು. ತಪ್ಪು ಅಂತ ಹೇಳ್ತಿಲ್ಲ, ಎಲ್ರಿಗೂ ಜೀವದ ಭಯ. ನಾನೇ ಮಕ್ಕಳ ತಲೆ ಮ್ಯಾಲೆ ನೀರು ಹುಯ್ದು, ಪಿತ ಸುತ ಪವಿತ್ರಾತ್ಮ ಅಂದು ಹೆಸರಿಟ್ಟೆ. ಪ್ಲೇಗಿನ ಹೆಣ ಒಳಗೆ ಬ್ಯಾಡ ಅಂತ ಊರೋರು ಬಿಡ್ಲಿಲ್ಲ, ಅದಕ್ಕೇ ಆಚೆ ಮಣ್ಣು ಮಾಡ್ದೆ.” ನೀವು ಬೆರಳು ಮಡಿಸುತ್ತ ಹನ್ನೊಂದು ಹೆಸರು ಹೇಳಿದಿರಿ. ಅವುಗಳಲ್ಲಿ ಒಂದು ನಿಮ್ಮ ಸ್ವಂತ ಮಗಳದು. “ಬರ್ಕೋ ನಾಯ್ನಾ. ಸ್ವಾಮಿಗಳಿಗೆ ಹೇಳು. ಹಗ್ಗ ಒಂದೀಟು ಆಚೆಗೆ ಸರಿಸಿದ್ರೆ ಸಾಕು.”

ಆಗ ನಾನು ಏನು ಕೇಳಿದೆ? “ಇದಕ್ಕೆ ಸಾಕ್ಷಿ ಯಾರಿದ್ದಾರಮ್ಮ?”

“ಸಾಕ್ಷಿ ಇದ್ದೋರೂ ಅಲ್ಲೇ ಮಲಗವ್ರೆ” ಎಂದಿರಿ. ಕೈಗಳನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಿರಿ.

ಅದೇ ಸಂಜೆ ಅಮ್ಮನನ್ನು ಕೇಳಿದೆ. ಆಕೆ ರಾಗಿ ಬೀಸುವುದನ್ನು ನಿಲ್ಲಿಸಲಿಲ್ಲ. “ಹೌದು ಕಣೋ, ಮಾಲೂರ್ನಾಗಿದ್ರು. ಈಗ್ಯಾಕೆ ಆ ಮಾತು?” ಅಷ್ಟೇ. ಅಂದರೆ ನನಗೆ ಸಾಕ್ಷಿ ಸಿಕ್ಕಿತ್ತು! ಬರೆದದ್ದು ಇನ್ನೂ ಅಚ್ಚಿಗೆ ಹೋಗಿರಲಿಲ್ಲ, ಗೋಡೆಗೆ ಪಾಯ ತೋಡಿರಲಿಲ್ಲ. ಒಂದು ಪುಟ ಹರಿದುಹಾಕಿದ್ದರೆ ಮುಗಿಯುತ್ತಿತ್ತು — ಹರಿಯಲಿಲ್ಲ. ಆ ಗುಡ್ಡೆಗಳು ಯಾರವೆಂದು ಸ್ವಾಮಿಗಳು ಕೇಳಿದಾಗ, “ನಮ್ಮವರವಲ್ಲ, ನಮ್ಮ ಮಕ್ಕಳನ್ನು ಒಳಗೇ ಹೂಳಿದ್ದೆಂದು ಚರಿತ್ರೆಯಲ್ಲಿ ಬರೆದಿದ್ದೇನಲ್ಲ” ಎಂದೆ. ಗೋಡೆ ಹಗ್ಗವಿದ್ದಲ್ಲೇ ಎದ್ದಿತು.

ಇದಕ್ಕಿಂತ ಹೇಸಿಗೆಯ ಮಾತೊಂದಿದೆ. ಆಪತ್ತಿನಲ್ಲಿ ಜ್ಞಾನಸ್ನಾನ ಕೊಡಬಹುದಾದವರು ಯಾರು ಎಂದು ಧರ್ಮಪಾಠದಲ್ಲಿ ನಾನು ಕೇಳುತ್ತೇನೆ. ಯಾರು ಬೇಕಾದರೂ ಕೊಡಬಹುದು, ಹೆಂಗಸರೂ ಕೊಡಬಹುದು ಎಂದು ಮಕ್ಕಳು ಒಕ್ಕೊರಲಿನಿಂದ ಕೂಗುತ್ತಾರೆ. ತಪ್ಪು ಹೇಳಿದವರ ಕಿವಿ ಹಿಂಡಿದ್ದೇನೆ. ನಿಮ್ಮನ್ನು ಹಿಂದಕ್ಕೆ ಕಳಿಸಿದ ಮೇಲೂ ಇಷ್ಟು ವರ್ಷ ಅದೇ ಪಾಠ ಮಾಡಿದ್ದೇನೆ.

ಎರಡನೇ ಮಹಾಯುದ್ಧ ಮುಗಿದ ವರ್ಷ ನೀವು ಹಾಸಿಗೆ ಹಿಡಿದಿರಿ. ನನ್ನನ್ನು ಗೋಡೆಯಾಚೆ ಹೂಳಿ ಎಂದಿರಂತೆ. ಅರಳುಮರಳು ಎಂದು ಜನ ಆಡಿಕೊಂಡರು. ಅಲ್ಲ ಎಂದು ಬಲ್ಲವನು ನಾನೊಬ್ಬನೇ — ಗೋಡೆಯೊಳಗಿನ ನಿಮ್ಮ ಗುಂಡಿಯ ತಲೆಯ ಕಡೆ ನಿಂತು ಜಪ ಓದುತ್ತಿದ್ದವನೂ ನಾನೇ. ಬಾಯಿ ತೆರೆದೇ ಇತ್ತು, ಆದರೂ ಹೇಳಲಿಲ್ಲ.

ಕಳೆದ ತಿಂಗಳು, ತಡೆಯಲಾರದೆ, ಈಗಿನ ಸ್ವಾಮಿಗಳ ಬಳಿ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಒಳ್ಳೆಯವರು, ಸಮಾಧಾನದಿಂದ ಕೇಳಿದರು. ಆಮೇಲೆ ಕಪಾಟಿನಿಂದ ನನ್ನ ಪುಸ್ತಕವನ್ನೇ ತೆಗೆದು ಮುಂದಿಟ್ಟರು. “ಇದರಲ್ಲಿ ಬೇರೆ ಇದೆಯಲ್ಲ ಮೇಷ್ಟ್ರೇ, ನೀವೇ ಬರೆದಿರೋದು. ವಯಸ್ಸಾಯ್ತು, ಮನಸ್ಸು ಏನೇನೋ ಹೇಳುತ್ತೆ. ಇದಕ್ಕೆ ಸಾಕ್ಷಿ ಯಾರಾದ್ರೂ ಇದ್ದಾರಾ?”

ಅಮ್ಮ ಸತ್ತಿದ್ದಾಳೆ. ನೀವೂ ಇಲ್ಲ. ಸಿಟ್ಟಿನಿಂದ ಆ ಪುಸ್ತಕವನ್ನು ಮೇಜಿಗೆ ಕುಕ್ಕಿದೆ. ಅದರಿಂದ ನನಗೆ ತಲೆ ಕೆಟ್ಟಿದೆ ಎಂಬ ಅವರ ನಂಬಿಕೆ ಗಟ್ಟಿಯಾಯಿತೇ ಹೊರತು ಬೇರೇನೂ ಆಗಲಿಲ್ಲ.

ಬರುವ ಭಾನುವಾರ ಪೂಜೆ ಮುಗಿದ ಮೇಲೆ, ಅಂದು ಓದಿದ ಜಾಗದಲ್ಲೇ ನಿಂತು ಹೇಳುತ್ತೇನೆ. ನಂಬುವವರು ನಂಬಲಿ, ನಗುವವರು ನಗಲಿ. ಆದರೆ ಇನ್ನಾಸಮ್ಮ, ಹೇಳಲು ನನ್ನಲ್ಲಿ ಉಳಿದಿರುವುದು ನಾಲ್ಕೇ ಹೆಸರು — ರಾಯಪ್ಪ, ಲೂರ್ದಮ್ಮ, ಅಂತೋಣಪ್ಪ, ನಿಮ್ಮ ಮಗಳು ತೆರೆಸಮ್ಮ. ಉಳಿದ ಏಳಕ್ಕಾಗಿ ದಿನವೂ ತಲೆ ಚಚ್ಚಿಕೊಳ್ಳುತ್ತೇನೆ, ಒಂದೂ ಬರುವುದಿಲ್ಲ. ಬರ್ಕೋ ಎಂದು ನೀವು ಕೇಳಿಕೊಂಡಾಗ ಸೀಮೆಸುಣ್ಣ ನನ್ನ ಕೈಯಲ್ಲೇ ಇತ್ತು.