ಬೇಲಿಯ ಸಂದಿಗೆ ಸೇರಿದ ಬೋನ್ಸಾಯ್

ಆ ಗಿಡವನ್ನು ನಾನು ಪ್ರೀತಿಯಿಂದ ಬದುಕಿಸಲಿಲ್ಲ. ಹಾಗೆಂದು ಯಾರಾದರೂ ತಿಳಿದುಕೊಂಡಿದ್ದರೆ ತಪ್ಪು.

ತೊಂಬತ್ತರ ದಶಕದ ಕೊನೆ. ಲಂಡನ್ನಿನ ಕ್ವೀನ್ಸ್‌ಬರಿಯ ಹಳೆಯ ಮನೆಯೊಂದರ ಕೆಳಭಾಗದಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗಿದ್ದೆವು. ಮನೆ ಮಾಲೀಕರು ನನ್ನ ಗಂಡನ ಊರ ಕಡೆಯವರು, ಕುಂದಾಪುರದವರು. ಅವರನ್ನು ನಾನು ‘ಅಣ್ಣ’ ಎನ್ನುತ್ತಿದ್ದೆ, ಅವರಿಗೆ ನಾನು ‘ತಂಗಿ’. ಅವರ ವಾಸ ಎಜ್‌ವೇರ್‌ನ ಫ್ಲಾಟಿನಲ್ಲಿ. ಅಲ್ಲಿ ಜಾಗವಿಲ್ಲವೆಂದು ಬಾಕ್ಸ್‌ವುಡ್ ಎಂಬ ಪೊದೆಗಿಡದ ತಮ್ಮ ಬೋನ್ಸಾಯನ್ನು ನಮ್ಮ ಹಿತ್ತಲಿನಲ್ಲಿ ಇಟ್ಟಿದ್ದರು. ತಟ್ಟೆಯಂಥ ನೀಲಿ ಕುಂಡ, ಮುದುಕರ ಮೊಣಕಾಲಿನಂಥ ಕಾಂಡ, ಉಗುರಿಗಿಂತ ಚಿಕ್ಕ ಎಲೆ. ಬಂದಾಗೆಲ್ಲ ಅದನ್ನು ಸುತ್ತು ಹಾಕಿ ನೋಡಿ, ಆಮೇಲೆ ನಮ್ಮನ್ನು ಮಾತಾಡಿಸುತ್ತಿದ್ದರು.

ಆ ಚಳಿಗಾಲ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿದವು. ಬಾಕ್ಸ್‌ವುಡ್ ಚಳಿಗೆ ಬಣ್ಣ ಬದಲಿಸುವುದು ಸಹಜ, ವಸಂತ ಬಂದರೆ ತಾನಾಗಿ ಹಸಿರಾಗುತ್ತದೆ. ನಮಗದು ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ತುಳಸಿ. ತುಳಸಿ ಹಬ್ಬ ಮುಗಿದದ್ದೇ ಲಂಡನ್ನಿನ ನಮ್ಮವರೆಲ್ಲ ಕುಂಡವನ್ನು ಒಳಗಿಟ್ಟು ಕೂಸಿನಂತೆ ಕಾಯುತ್ತಾರೆ.

“ತುಳಸಿಯನ್ನ ಒಳಗೆ ಬೆಚ್ಚಗೆ ಇಟ್ಕೊಂಡು ಇದನ್ನ ಹೊರಗೆ ಸಾಯಿಸ್ತಿದ್ದೀಯಲ್ಲ ತಂಗಿ!” ಎಂದು ಬೈದು, ಮಾಲೀಕರು ತಾವೇ ಬೋನ್ಸಾಯನ್ನು ಅಡುಗೆಮನೆಯಲ್ಲಿ, ಮನೆ ಬಿಸಿ ಮಾಡುವ ಗ್ಯಾಸ್ ಬಾಯ್ಲರ್ ಪಕ್ಕದ ಕಟ್ಟೆಯ ಮೇಲಿಟ್ಟರು. ಅಲ್ಲೇ ಮೇಲೆ ಗೋಡೆಯಲ್ಲಿ ಗಾಳಿಕಿಂಡಿ. ಗಿಡಕ್ಕೆ ಚಳಿಗಾಳಿ ತಾಗುತ್ತದೆಂದು ಹಿತ್ತಲಿಗೆ ಹೋಗಿ, ಹೊರಗಿನಿಂದ ಅದಕ್ಕೆ ಪ್ಲಾಸ್ಟಿಕ್ ಚೀಲ ತುರುಕಿದರು. ನಮಗೆ ಹೇಳಲಿಲ್ಲ. ಒಳಗಿನಿಂದ ಅದು ಕಾಣಿಸುತ್ತಲೂ ಇರಲಿಲ್ಲ.

ಆಮೇಲೆ ಮನೆಯಲ್ಲಿದ್ದಾಗ ತಲೆನೋವು, ಕೆಲಸಕ್ಕೆ ಹೋದರೆ ಬಿಡುತ್ತಿತ್ತು. ಫ್ಲೂ ಅಂದುಕೊಂಡೆವು.

ನನ್ನ ಗಂಡನಿಗೆ ರಾತ್ರಿ ಪಾಳಿ, ಹಗಲು ನಿದ್ದೆ. ಒಂದು ಸಂಜೆ ಕೆಲಸದಿಂದ ಬಂದು ಬೆಲ್ ಮಾಡಿದರೆ ಬಾಗಿಲು ತೆರೆಯಲಿಲ್ಲ. ಕೀಲಿ ತಿರುಗಿಸಿ ಒಳಗೆ ಹೋದೆ. ಅವರು ಮಂಚದ ಮೇಲಿದ್ದರು, ಮುಖ ಕೆಂಪಗೆ, ದಿಂಬಿನ ಮೇಲೆ ವಾಂತಿ. ಕೂಗಿದೆ, ಕೆನ್ನೆಗೆ ಹೊಡೆದೆ, ಕಣ್ಣು ಬಿಡಲಿಲ್ಲ. ಹಾಸಿದ ಬೆಡ್‌ಶೀಟ್ ಸಮೇತ ಅವರನ್ನು ನೆಲಕ್ಕೆ ಇಳಿಸಿ, ಎಳೆದು, ಹೊಸಿಲು ದಾಟಿಸಿ, ಗಾಳಿ ಸಿಗಲೆಂದು ಮನೆ ಮುಂದಿನ ಬೇಲಿಯ ಪಕ್ಕ ಮಲಗಿಸಿದೆ. ಬೇಲಿಯಲ್ಲಿ ಒಂದು ಗಿಡ ಒಣಗಿ ಸಂದಿಯಾಗಿತ್ತು. ಅಲ್ಲಿ ಅವರ ತಲೆ ಬಂತು. ಅಲ್ಲೇ ಕೆಮ್ಮಿದರು.

ಇವತ್ತಿಗೂ ಆ ಹೊಸಿಲು ದಾಟುತ್ತಲೇ ಇದ್ದೇನೆ. ಟ್ಯೂಬ್ ತಡವಾಗಿದ್ದರೆ? ದಾರಿಯಲ್ಲಿ ತರಕಾರಿಗೆಂದು ನಿಂತಿದ್ದರೆ? ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಗೋಡೆಯ ಕಿಂಡಿ ಹುಡುಕುತ್ತದೆ. ಅಂದು ಗ್ಯಾಸ್ ಕಂಪನಿಯವನು ಬಂದು ಕಿಂಡಿಯ ಚೀಲವನ್ನು ಎಳೆದು ತೆಗೆದು, ಬಾಯ್ಲರಿಗೆ ಬಳಸಬಾರದೆಂಬ ಕೆಂಪು ಚೀಟಿ ಅಂಟಿಸಿ ಹೋದ. ಗಾಳಿ ಸಾಲದೆ ಉರಿದ ಬೆಂಕಿಯ ವಿಷ, ಕಾರ್ಬನ್ ಮೊನಾಕ್ಸೈಡ್. ಬಿ.ಎಸ್‌ಸಿ.ಯಲ್ಲಿ ಅದರ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವಳು ನಾನು.

ಆಸ್ಪತ್ರೆಯಿಂದ ಮಾಲೀಕರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, ಗಿಡಕ್ಕೆ ಚಳಿ ತಾಗಬಾರದೆಂದು ಚೀಲ ತುರುಕಿದ್ದು ತಾವೇ ಎಂದು ಒಪ್ಪಿ, ಅವರು ಅಂದದ್ದು: “ಹೊಗೆ ಇಲ್ಲದ ಅಡುಗೆಮನೆ ನಮ್ಮೂರಲ್ಲಿ ಎಲ್ಲುಂಟು ಮಾರಾಯ್ತಿ? ಯಾರು ಸತ್ತಿದ್ದಾರೆ? ಅದಿರಲಿ, ಗಿಡಕ್ಕೆ ಎಂತದೂ ಆಗ್ಲಿಲ್ಲ ಅಲ್ವಾ?”

ಇಲ್ಲಿಂದ ಮುಂದೆ ಆ ಮನುಷ್ಯನಿಗೆ ಬಹುವಚನ ಬರೆಯಲು ನನ್ನ ಕೈ ಏಳುವುದಿಲ್ಲ.

ಮನೆಗೆ ಬಂದವಳೇ ಬೋನ್ಸಾಯನ್ನು ಕಸದ ಡಬ್ಬಿಯವರೆಗೆ ಒಯ್ದೆ. ಒಣ ಶಾಖಕ್ಕೆ ಎಲೆ ಉದುರುತ್ತಿತ್ತು. ಎತ್ತಿ ಹಾಕುವಷ್ಟರಲ್ಲಿ ಯೋಚನೆ ಬಂತು: ಇದು ಸತ್ತರೆ ನೊಂದವನು ಅವನಾಗುತ್ತಾನೆ, ಕೊಂದವಳು ನಾನು. ಬೇಡ. ಇದು ಬದುಕಬೇಕು. ಅವನು ಬಂದಾಗ ಮೊದಲು ನನ್ನ ಗಂಡ ಹೇಗಿದ್ದಾರೆಂದು ಕೇಳಿದರೆ ಗಿಡ ಕೊಡುತ್ತೇನೆ. ಕೇಳದಿದ್ದರೆ ಕೊಡುವುದಿಲ್ಲ.

ಕಾಂಡವನ್ನು ಉಗುರಿನಿಂದ ಕೆರೆದೆ, ಬೇಕಾದ್ದಕ್ಕಿಂತ ಜೋರಾಗಿಯೇ. ಒಳಗೆ ಹಸಿರಿತ್ತು. ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಬಿಸಿ ಅಡುಗೆಮನೆಯಿಂದ ಸೀದಾ ಹಿಮಕ್ಕೆ ಒಯ್ಯದೆ, ಹೀಟರ್ ಇಲ್ಲದ ಗಾಜಿನ ಪೋರ್ಚಿನಲ್ಲಿ ಬೆಳಕಿಗೆ ಇಟ್ಟೆ. ತುಳಸಿಗೆ ಹಾಕುವಂತೆ ದಿನಾ ಸ್ನಾನ ಮಾಡಿ ನೀರೆರೆಯುವುದನ್ನು ಬಿಟ್ಟೆ. ಮಣ್ಣಿಗೆ ಬೆರಳು ಚುಚ್ಚಿ, ಮೇಲ್ಪದರ ಒಣಗಿದ್ದರೆ ಮಾತ್ರ ನೀರು. ಗೊಬ್ಬರವಿಲ್ಲ, ಕತ್ತರಿಯಿಲ್ಲ. ಹಿಮದ ಭಯ ಕಳೆದ ಮೇಲೆ ಗಾಳಿ ಬೀಸದ ಮೂಲೆಗೆ, ಹೊರಗೆ ಇಟ್ಟೆ. ನೀರು ಹಾಕುವಾಗೆಲ್ಲ ಅವನನ್ನು ಶಪಿಸುತ್ತಿದ್ದೆ. ಏಪ್ರಿಲ್ ಹೊತ್ತಿಗೆ ಬೋಳು ಕಡ್ಡಿಗಳ ತುದಿಯಲ್ಲಿ ಹಸಿರು ಚುಕ್ಕೆಗಳು ಮೂಡಿದವು. ಬಿಸಿಲಿಗೆ ಎಲೆಗಳಿಂದ ಬೆಕ್ಕಿನ ಉಚ್ಚೆಯಂಥ ವಾಸನೆ ಬಂತು. ಬಾಕ್ಸ್‌ವುಡ್ ಚೆನ್ನಾಗಿದೆ ಎಂಬುದಕ್ಕೆ ನನಗೆ ಅದೇ ಗುರುತಾಯಿತು.

ಮನೆ ಬಿಡುತ್ತೇವೆಂದು ತಿಳಿಸಿದ ಮೇಲೆ ಅವನು ಬಂದ. ಗಿಡವನ್ನು ಪೋರ್ಚಿಗೆ ತಂದಿಟ್ಟು, ಗಂಡನನ್ನು ಪಕ್ಕದಲ್ಲೇ ನಿಲ್ಲಿಸಿದ್ದೆ. ಅವರು ಇನ್ನೂ ಗೋಡೆ ಹಿಡಿದೇ ನಿಲ್ಲುತ್ತಿದ್ದರು. ಅವನು ಅವರನ್ನು ದಾಟಿ ಬಗ್ಗಿದ. ಎಲೆ ಸವರಿ, “ಪಾಪ, ಎಷ್ಟು ಕಷ್ಟಪಟ್ಟಿದೆ!” ಎಂದ.

ನಾನು ಕಾದೆ. ಅವನು ಚಹಾ ಕುಡಿದ. ಹೊಸ ಬಾಯ್ಲರ್ ಹಾಕಿಸಲು ತನಗೆ ಎಷ್ಟು ತೊಂದರೆಯಾಯಿತೆಂದು ಹೇಳಿದ. “ನೀವು ಮನೆ ಬಿಡುವ ದಿನ ಗಿಡ ಒಯ್ತೇನೆ ತಂಗಿ” ಎಂದು ಹೊರಟ.

ಮರುದಿನ ಬೋನ್ಸಾಯನ್ನು ಕುಂಡದಿಂದ ಕಿತ್ತು, ಬೇರು ಬಿಡಿಸಿ, ಬೇಲಿಯ ಆ ಸಂದಿಯಲ್ಲಿ ನೆಟ್ಟೆ. ಅದೂ ಬಾಕ್ಸ್‌ವುಡ್ ಬೇಲಿಯೇ.

“ಗಿಡ ಎಂತ ಮಾಡಿತ್ತು ಮಾರಾಯ್ತಿ?” ಎಂದರು ಗಂಡ.

“ಗಿಡಕ್ಕೆ ನಾನೇನು ಮಾಡಿದೆ? ನೆಲ ಕೊಟ್ಟೆ.”

ಕೊಲಿಂಡೇಲ್‌ನ ಹೊಸ ಬಾಡಿಗೆಮನೆಗೆ ಹೊರಡುವಾಗ ಕೀಲಿ ತೆಗೆದುಕೊಳ್ಳಲು ಬಂದವನು ಖಾಲಿ ಕುಂಡ ನೋಡಿದ. “ಗಿಡ ಎಲ್ಲಿ?”

“ನಿಮ್ಮ ಮನೆಯಲ್ಲೇ ಇದೆ ಸರ್. ಎಲ್ಲೂ ಹೋಗಿಲ್ಲ.”

‘ಸರ್’ ಕೇಳಿ ಮುಖ ಎತ್ತಿದ. ಆಮೇಲೆ ಹಿತ್ತಲು, ಶೆಡ್ಡು, ಅಡುಗೆಮನೆ ಎಲ್ಲ ಹುಡುಕಿದ. ನಾವು ಸೂಟ್‌ಕೇಸ್ ಎತ್ತಿಕೊಂಡು ಬೇಲಿ ದಾಟಿ ನಡೆದೆವು.

ಕೆಲವು ವರ್ಷ ಕಳೆದು ಒಂದು ಬೇಸಿಗೆಯಲ್ಲಿ ಅಂಗಡಿ ಸಾಮಾನಿಗೆಂದು ಆ ರಸ್ತೆಯಲ್ಲಿ ಹೋಗಿದ್ದೆ. ಅವನು ಕರೆಂಟಿನ ಕತ್ತರಿ ಹಿಡಿದು ಬೇಲಿ ಸವರುತ್ತಿದ್ದ. ಸಂದಿ ಮುಚ್ಚಿತ್ತು. ಕತ್ತರಿ ಆ ಜಾಗಕ್ಕೆ ಬಂತು, ನಿಲ್ಲದೆ ಮುಂದೆ ಹೋಯಿತು. ಸವರಿ ಮುಗಿಸಿ ಅವನು ಎರಡು ಹೆಜ್ಜೆ ಹಿಂದೆ ಸರಿದ, ಮಟ್ಟ ಸರಿ ಇದೆಯೇ ನೋಡಿದ, ಕಾಲಡಿಯ ಎಲೆ ಗುಡಿಸಿ ಚೀಲಕ್ಕೆ ತುಂಬಿದ. ಎದುರಿನ ಫುಟ್‌ಪಾತಿನಲ್ಲಿ ನಾನು ಕೊನೆಯವರೆಗೂ ನಿಂತು ನೋಡಿದೆ.