ಹೊಲಿಗೆಯ ಮೇಲೆ ಹೊರಿಸಿದ ತಪ್ಪು

ಇದನ್ನು ಹೇಳಬೇಕೆಂದು ಆರು ವರ್ಷಗಳಿಂದ ಅಂದುಕೊಳ್ಳುತ್ತಲೇ ಬಂದಿದ್ದೇನೆ — ಹೇಳಿಲ್ಲ. ಮೊದಲು ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ಬರೀ ಅಭ್ಯಾಸ. ತುಮಕೂರಿನ ಆ ಪ್ರದರ್ಶನದಲ್ಲಿ ಒಂದು ಮಗುವಿನ ಬೆರಳು ಸುಟ್ಟಿದ್ದು ಹೊಲಿಗೆಯ ತಪ್ಪಿನಿಂದಲ್ಲ, ನಾನು ಗುಟ್ಟಾಗಿ ಹಾಕಿದ ಬ್ಯಾಟರಿಯಿಂದ. ತಪ್ಪು ಹೊಲಿದವಳದು ಎಂದು ಎಲ್ಲರ ಮುಂದೆ ಹೇಳಿದವನೂ ನಾನೇ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಗುಬ್ಬಿಯಲ್ಲಿ ರೇಡಿಯೊ, ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ರಿಪೇರಿಗೆ ಬರುವವರು ಕಡಿಮೆಯಾದ ಕಾಲಕ್ಕೆ ಒಂದು ಹೊಲಿಗೆ ತರಬೇತಿ ಕೇಂದ್ರದವರು ಕರೆದರು. ಕರೆಂಟು ಹರಿಯುವ ದಾರದಲ್ಲಿ ಕಸೂತಿ ಹಾಕಿ, ಮುಟ್ಟಿದರೆ ಹಾಡುವ ಬಟ್ಟೆಯ ಮಾದರಿಗಳನ್ನು ಮಾಡಬೇಕಿತ್ತು — ಕಣ್ಣು ಕಾಣದ ಮಕ್ಕಳಿಗಾಗಿ. ಸರ್ಕ್ಯೂಟ್ ನನ್ನದು, ಹೊಲಿಗೆ ಆಕೆಯದು.

ಆಕೆ ಕುಣಿಗಲ್ ತಾಲ್ಲೂಕಿನ ಅಮೃತೂರಿನವಳು. ಗಾರ್ಮೆಂಟ್ಸ್ ಕೆಲಸ ಬಿಟ್ಟು ಕೇಂದ್ರದಲ್ಲಿ ತಾತ್ಕಾಲಿಕ ಟೀಚರಾಗಿದ್ದಳು. ಪ್ರದರ್ಶನ ಮುಗಿದ ಮೇಲೆ ಕಾಯಂ ಮಾಡುತ್ತೇವೆ ಎಂದಿದ್ದರು. ಮಾದರಿ ಎಂದರೆ ಅಂಗೈಯಗಲದ ಬಟ್ಟೆ, ಮಧ್ಯೆ ಒಂದು ಹೂವು. ಹೂವನ್ನು ಒತ್ತಿದರೆ, ಗ್ರೀಟಿಂಗ್ ಕಾರ್ಡಿನೊಳಗೆ ಇರುತ್ತದಲ್ಲ, ಅಂಥ ಪುಟ್ಟ ಚಿಪ್ ಹಾಡುತ್ತಿತ್ತು. ಬಟ್ಟೆಯ ಹಿಂದೆ ಒಂದು ಕಿಸೆ, ಅದರಲ್ಲಿ ಗುಂಡಿಯಷ್ಟು ಸೆಲ್ಲು. ಗಂಟಿನ ಹತ್ತಿರ ಉಳಿದ ದಾರದ ತುದಿ ಪಕ್ಕದ ದಾರಕ್ಕೆ ತಾಕಿದರೆ ಕೆಲಸ ಕೆಟ್ಟಿತು. ಅದಕ್ಕೇ ಆಕೆ ಪ್ರತಿ ತುದಿಯನ್ನೂ ಬುಡಕ್ಕೇ ಕತ್ತರಿಸಿ, ಗಂಟಿನ ಮೇಲೆ ಉಗುರುಬಣ್ಣದ ಒಂದು ತೊಟ್ಟು ಇಡುತ್ತಿದ್ದಳು. ಕೊನೆಗೆ ಬಟ್ಟೆಯನ್ನು ಕರವಸ್ತ್ರದ ಹಾಗೆ ಮುದುರಿ ನೋಡುತ್ತಿದ್ದಳು. ಮುದುರಿದಾಗ ದಾರಕ್ಕೆ ದಾರ ತಾಕಿ ಹಾಡು ನಿಲ್ಲುತ್ತಿತ್ತು, ಬಿಡಿಸಿದರೆ ಮತ್ತೆ ಬರುತ್ತಿತ್ತು — ಅಷ್ಟೇ; ಆ ಪುಟ್ಟ ಸೆಲ್ಲಿಗೆ ದಾರ ಕಾಯಿಸುವ ಶಕ್ತಿ ಇರಲಿಲ್ಲ.

“ನಿಮ್ ವೈರು ಮಡಚಿದ್ರೆ ಮುರ್ಕೊಳ್ಳುತ್ತೆ, ನನ್ ಬಟ್ಟೆ ಮಡಚಿದ್ರೆ ಮಲ್ಕೊಳ್ಳುತ್ತೆ ಕಣಣ್ಣ,” ಎಂದು ರೇಗಿಸುತ್ತಿದ್ದಳು. “ಸೆಲ್ ಮಾತ್ರ ದೊಡ್ದು ಹಾಕ್ಬೇಡಿ. ಮಕ್ಕಳ ಕೈಗೆ ಹೋಗೋದು.”

ಆ ಮಾತು ನನಗೆ ಚುಚ್ಚಿತು. ನಲವತ್ತು ವರ್ಷ ಬೆಸುಗೆ ಹಾಕಿದವನಿಗೆ ಸೂಜಿ ಹಿಡಿದವಳು ಸೆಲ್ಲಿನ ಪಾಠ ಹೇಳುವುದೇ ಎಂಬ ಗರ್ವ. ಪ್ರದರ್ಶನದ ದಿನ ಬೆಳಿಗ್ಗೆ, ಸಭಾಂಗಣದ ಗದ್ದಲದಲ್ಲಿ ಹಾಡು ಕೇಳಿಸುತ್ತಿರಲಿಲ್ಲ. ಆಕೆ ಮಕ್ಕಳನ್ನು ಕರೆತರಲು ಬಾಗಿಲಿಗೆ ಹೋದಾಗ, ಹಳೆಯ ಮೊಬೈಲಿನ ಬ್ಯಾಟರಿಯೊಂದನ್ನು ಕಿಸೆಯೊಳಗೆ ತೂರಿಸಿ ಎರಡು ವೈರು ಸಿಕ್ಕಿಸಿದೆ. ಹಾಡು ಜೋರಾಯಿತು. ದಾರಗಳು ಒಂದಕ್ಕೊಂದು ತಾಕಿದರೆ ಅಂಥ ಬ್ಯಾಟರಿ ದಾರವನ್ನೇ ಕಾಯಿಸಿಬಿಡುತ್ತದೆ — ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಏಳೆಂಟು ವರ್ಷದ ಒಬ್ಬಳು ಹುಡುಗಿ ಹೂವನ್ನು ಒತ್ತಿ, ಹಾಡು ಕೇಳಿ ನಕ್ಕಳು. ಬಟ್ಟೆಯನ್ನು ಮುಷ್ಟಿಯಲ್ಲಿ ಮುದುರಿ ಕಿವಿಗೆ ಹಿಡಿಯಹೋದಳು. ಹಾಡು ನಿಂತಿತು.

“ಇದು ಬಿಸಿನೂ ಆಗುತ್ತಾ ಮಿಸ್?” ಎಂದಳು. ಅದೂ ಆಟವೇ ಎಂದುಕೊಂಡು ಬಿಡದೆ ಹಿಡಿದೇ ಇದ್ದಳು. ಆಮೇಲೆ ಕಿರುಚಿದಳು. ಮೂರು ಬೆರಳಿನ ತುದಿ. ಆ ಮಗು ಓದುತ್ತಿದ್ದುದು ಆ ಬೆರಳುಗಳಿಂದ.

ಎಲ್ಲರೂ ಮಗುವಿನ ಕಡೆ ಓಡಿದರು. ನಾನು ಬಟ್ಟೆಯ ಕಡೆ ಹೋದೆ. ಬ್ಯಾಟರಿ ಕಿತ್ತು ಜೇಬಿಗೆ ಹಾಕಿಕೊಂಡು, ಸಣ್ಣ ಸೆಲ್ಲನ್ನು ಅದರ ಜಾಗದಲ್ಲಿಟ್ಟೆ.

ಆಕೆ ಬಂದಳು. ಕೇಂದ್ರದ ಮೇಡಂ, ಮಗುವಿನ ತಾಯಿ, ಎಲ್ಲರೂ ಪಕ್ಕದಲ್ಲೇ ಇದ್ದರು. “ಅಣ್ಣ, ನಾನು ತುದಿ ಎಲ್ಲಾ ಕತ್ತರಿಸಿದ್ನಲ್ವಾ?” ಎಂದಳು.

“ಎಲ್ಲೋ ಒಂದು ಬಿಟ್ಟಿರ್ತೀಯ ಕಣಮ್ಮ,” ಎಂದೆ.

ಅಷ್ಟೇ ಮಾತು. ಆಕೆ ನನ್ನನ್ನು ನಂಬಿದಳು — ತನ್ನ ಕೈಯನ್ನು ನಂಬಲಿಲ್ಲ. ಮಗುವಿನ ತಾಯಿಗೆ ಕೈಮುಗಿದು, “ನನ್ನಿಂದ ತಪ್ಪಾಯ್ತು ಕಣಕ್ಕ,” ಎಂದಳು. “ಕಣ್ಣಂತೂ ಇಲ್ಲ, ಕೈನೂ ತೆಗೀಬೇಕು ಅಂತಿದ್ರಾ?” ಎಂದು ಆ ತಾಯಿ ಕೇಳಿದಾಗ ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಬಾಯಿ ತೆರೆಯಬಹುದಿತ್ತು. ಮಧ್ಯಾಹ್ನವೆಲ್ಲ ಆಕೆ ಒಂದು ಮೂಲೆಯಲ್ಲಿ ಕುಳಿತು ಆ ಹೂವನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚಿದಳು. ಅದನ್ನೂ ನೋಡುತ್ತಾ ನಿಂತೆ.

ಮುಂದಿನ ವಾರ ಆಕೆಗೆ ಬರಬೇಡ ಎಂದರು. ನನ್ನನ್ನು ಇನ್ನೂ ಒಂದು ವರ್ಷ ಇಟ್ಟುಕೊಂಡರು. ಮಗುವಿನ ಬೆರಳು ಏನಾಯಿತೋ — ವಿಚಾರಿಸಲಿಲ್ಲ. ವಿಚಾರಿಸಿದ್ದರೆ...

ಎರಡು ವರ್ಷದ ನಂತರ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಆಕೆಯೇ ಗುರುತು ಹಿಡಿದು ಬಂದಳು. “ಅಣ್ಣ, ಅವತ್ತು ಯಾವ ಹೊಲಿಗೆ ಅಂತ ನಿಮ್ಗೇನಾದ್ರೂ ಕಾಣ್ತಾ? ಪೂರ್ತಿ ಬಿಚ್ಚಿ ನೋಡ್ದೆ, ಒಂದ್ ತುದೀನೂ ಸಿಗ್ಲಿಲ್ಲ. ಈಗ ಮತ್ತೆ ಗಾರ್ಮೆಂಟ್ಸ್‌ಗೆ ಸೇರಿದೀನಿ, ಮಿಷನ್ ಮುಂದೆ ಕೂತ್ರೆ ಹಾಕಿದ್ ಹೊಲಿಗೇನೇ ತಿರ್ಗಾ ಬಿಚ್ಚಿ ನೋಡ್ತೀನಿ. ಪ್ಯಾಕಿಂಗ್‌ಗೆ ಹಾಕಿ ಅಂತ ಕೇಳ್ಕೊಂಡಿದೀನಿ.”

ಬಸ್ಸು ಬಂತು. “ಹೋಗ್ಲಿ ಬುಡಮ್ಮ, ಹಳೇದು,” ಎಂದು ಹತ್ತಿಬಿಟ್ಟೆ. ಆಕೆಯನ್ನು ಕ್ಷಮಿಸಿದವನ ಹಾಗೆ ಹೇಳಿದೆ — ನಾನು.

ಈ ಬರಹದ ಒಂದು ಪ್ರತಿಯನ್ನು ಆ ಕೇಂದ್ರಕ್ಕೆ ಕೊಡುತ್ತೇನೆ. ಇನ್ನೊಂದನ್ನು ಹಿಡಿದು ಅಮೃತೂರಿಗೆ ಹೋಗಬೇಕು. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಕ್ಷಮಿಸು ಎನ್ನುವ ಯೋಗ್ಯತೆ ನನಗಿಲ್ಲ; ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಬಾಕಿಯಿದೆ. ಯಾವ ಹೊಲಿಗೆಯೂ ಅಲ್ಲ, ಶಿವಗಂಗಮ್ಮ.